ಕಷಾಯಕ್ಕೆ ಐವತ್ತಕ್ಕೆ ಎಷ್ಟು?

ಕೆಲವರಿಗೆ ಕಾಲಿಟ್ಟಲ್ಲೆಲ್ಲ ಕಲ್ಲು ಎಡವುತ್ತದೆ. ನನಗೆ ನಾಲಿಗೆ ಇಟ್ಟಲ್ಲೆಲ್ಲ ಫಜೀತಿ. ಒಂದು ಮುಗಿಯಿತು ಎಂದು ಬಾಯಿ ತೊಳೆದುಕೊಂಡು ಬರುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನು ಶಿಗ್ಗಾವಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಮನೆ ಸವಣೂರಿನಲ್ಲಿ. ಮನೆಯಲ್ಲಿ ನಾವು ಮೂವರು: ನಾನು, ನಮ್ಮ ಮನೆಯವರು, ಅತ್ತೆ. ಅತ್ತೆಗೆ ಎಪ್ಪತ್ತಾರು ವರ್ಷ. ಬೆಳಗ್ಗೆ ಎದ್ದರೆ ಮಡಿ, ಪೂಜೆ, ನೈವೇದ್ಯ. ಈರುಳ್ಳಿ ಬೆಳ್ಳುಳ್ಳಿ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಅಂಥ ಮನೆಯ ಸೊಸೆಯಾದ ನಾನು ನಾಲ್ಕು ವರ್ಷದಿಂದ ಬಿಯರಿನ ರುಚಿ ನೋಡಿ ಅಂಕ ಕೊಡುತ್ತಿದ್ದೇನೆ.

ಕುಡಿಯುವುದು ಬೇರೆ, ತೀರ್ಪು ಕೊಡುವುದು ಬೇರೆ. ಈ ವ್ಯತ್ಯಾಸವನ್ನು ಅತ್ತೆಗೆ ಬಿಡಿಸಿ ಹೇಳುವ ಧೈರ್ಯ ನನಗಿರಲಿಲ್ಲ. ಅವರ ಮಗನಿಗಂತೂ ಹುಟ್ಟಿದಾಗಿನಿಂದಲೇ ಇಲ್ಲ. ಆದ್ದರಿಂದ ಮನೆಗೆ ಬರುವ ಬಾಟಲಿಗಳಿಗೆಲ್ಲ ನಾವಿಬ್ಬರೂ ಸೇರಿ ಒಂದೇ ಹೆಸರಿಟ್ಟೆವು: ಕಷಾಯ. ಕೇಳಿದರೆ ನನ್ನ ಗಂಟಲಿಗೆ. ಪಾಠ ಹೇಳಿ ಹೇಳಿ ಕಟ್ಟಿಕೊಂಡ ಗಂಟಲು.

ಅತ್ತೆ ಬೈಯುತ್ತಾರೆಂಬ ಭಯವಲ್ಲ ಅದು. ಮದುವೆಯಾಗಿ ಬಂದ ವರ್ಷ ಬಳಗದವರೆಲ್ಲ ಬೇಡವೆಂದರೂ ನನ್ನನ್ನು ಎಂ.ಎಸ್ಸಿ. ಓದಲು ಧಾರವಾಡಕ್ಕೆ ಕಳಿಸಿದವರು ಅವರು. ಅಷ್ಟು ಓದಿಸಿದ್ದು ಇದಕ್ಕೇನು ಎಂದು ಅವರ ಮನಸ್ಸಿಗೆ ಬಂದುಬಿಟ್ಟರೆ ಎಂಬುದೇ ನನ್ನ ಎದೆಯೊಳಗಿನ ಅಳುಕು.

೧. ಗ್ರೇಸ್ ಮಾರ್ಕು

ನನ್ನೊಂದಿಗೆ ಎಂ.ಎಸ್ಸಿ. ಓದಿದ ಹಾನಗಲ್ಲಿನ ಗೆಳೆಯನೊಬ್ಬ ಹುಬ್ಬಳ್ಳಿಯಲ್ಲಿ ಹೋಟೆಲೊಂದರ ಹಿಂದೆ ಬಿಯರ್ ತಯಾರಿಸುವ ಘಟಕ ನೋಡಿಕೊಳ್ಳುತ್ತಾನೆ. ಲೋಕದ ಬಿಯರುಗಳಲ್ಲೆಲ್ಲ ಅವನ ಜೀವ ಇರುವುದು ಪೋರ್ಟರ್ ಎಂಬುದರಲ್ಲಿ. ಅದು ಇಂಗ್ಲೆಂಡಿನ ಹಳೇ ಪದ್ಧತಿಯ ಕಂದು ಬಿಯರು. ಅಲ್ಲಿನ ಹಮಾಲರು ಮೂಟೆ ಇಳಿಸಿ ಕುಡಿಯುತ್ತಿದ್ದರಂತೆ. ಮೊಳಕೆ ಬರಿಸಿದ ಬಾರ್ಲಿಯನ್ನು ಕಂದಾಗುವ ತನಕ ಹುರಿದು ಮಾಡುತ್ತಾರೆ. ಹುರಿದ ಕಾಳು, ಬೆಲ್ಲದ ಪಾಕ, ತುಸು ಕೋಕೋ, ಇಷ್ಟರ ವಾಸನೆ ಬರಬೇಕು. ಹೊತ್ತಿದ ವಾಸನೆ ಬಂದರೆ ಕೆಟ್ಟಿತು.

ಒಂದು ದಿನ ಅವನ ಫೋನು ಬಂತು. "ಲ್ಯಾಬಿನ್ಯಾಗ ಲೇಬಲ್ ಬಿದ್ದುಹೋದ ಬಾಟ್ಲಿ ಎಲ್ಲಾ ನೀ ಮೂಸಿ ಮೂಸಿ ಹೆಸರು ಹೇಳತಿದ್ದಿ. ಆ ಮೂಗು ಸುಮ್ನ ಕುಂತೈತಿ. ಬಂದು ನನ್ನ ಪೋರ್ಟರಿಗೆ ಮಾರ್ಕು ಕೊಡು."

ಹೋದೆ. ಅದಕ್ಕೊಂದು ಅಂಕಪಟ್ಟಿ ಇರುತ್ತದೆ. ಒಟ್ಟು ಐವತ್ತು. ವಾಸನೆಗೆ ಹನ್ನೆರಡು, ನೋಟಕ್ಕೆ ಮೂರು, ರುಚಿಗೆ ಇಪ್ಪತ್ತು, ಬಾಯಲ್ಲಿ ನಿಲ್ಲುವ ರೀತಿಗೆ ಐದು, ಒಟ್ಟಾರೆ ಮೆಚ್ಚುಗೆಗೆ ಹತ್ತು. ನನಗೆ ಕುಡಿದ ಅನುಭವವಿಲ್ಲದಿದ್ದರೂ ತಿದ್ದಿದ ಅನುಭವ ಬೇಕಾದಷ್ಟಿತ್ತು. ಮೂಸಿದೆ, ಒಂದು ಗುಟುಕು ನುಂಗಿದೆ, ಬರೆದೆ. ಕೂಡಿಸಿದರೆ ಹದಿನಾರು ಬಂತು. ಅಯ್ಯೋ, ಹಳೇ ಗೆಳೆಯ, ಮೊದಲ ಸಲ ಪರೀಕ್ಷೆಗೆ ಕೂತಿದ್ದಾನೆ, ಎರಡು ಅಂಕಕ್ಕೆ ಯಾಕೆ ಫೇಲು ಮಾಡಲಿ ಎನಿಸಿತು. ನೂರಕ್ಕೆ ಮೂವತ್ತೈದರ ಲೆಕ್ಕ ಹಾಕಿ, ಎರಡು ಗ್ರೇಸ್ ಸೇರಿಸಿ ಹದಿನೆಂಟು ಮಾಡಿ, ಕೆಳಗೆ ದೊಡ್ಡದಾಗಿ 'ಪಾಸು' ಎಂದು ಬರೆದು ಸಹಿ ಹಾಕಿ ಕೊಟ್ಟೆ.

ಅವನ ಮುಖ ಇಳಿದುಹೋಯಿತು. ವಾರವಿಡೀ ಫೋನಿಲ್ಲ. ಆಮೇಲೆ ಆ ಅಂಕಪಟ್ಟಿಯ ಕೆಳಗಿನ ಸಣ್ಣಕ್ಷರ ಓದಿದೆ. ಅಲ್ಲಿನ ಲೆಕ್ಕವೇ ಬೇರೆ. ಹದಿನೆಂಟು ಬಂತೆಂದರೆ ದೋಷಗಳ ಮೂಟೆ, ಮೋರಿಗೆ ಚೆಲ್ಲಲು ಹತ್ತಿರ ಹತ್ತಿರ ಯೋಗ್ಯ ಎಂದರ್ಥ. ಒಳ್ಳೆಯದು ಎನಿಸಿಕೊಳ್ಳಲು ಮೂವತ್ತಾದರೂ ದಾಟಬೇಕು. ನಾನೇ ಫೋನು ಮಾಡಿ ತಪ್ಪಾಯಿತೆಂದೆ.

ಆ ಕಡೆಯಿಂದ ತುಂಬ ವಿನಯದ ದನಿ ಬಂತು. "ಇರ್ಲಿ ಬಿಡ್ರಿ ಮೇಡಮ್ಮೋರ. ರಿವ್ಯಾಲ್ಯುಯೇಶನ್‌ಗೆ ಹಾಕಬೇಕಂತ ಮಾಡೇನಿ. ಫೀ ಎಷ್ಟು ಕಟ್ಟಬೇಕ್ರಿ?"

೨. ಖಾರ ಬಿಟ್ಟ ಮೂರು ದಿನ

ತಪ್ಪು ತಿದ್ದಿಕೊಳ್ಳಲು ಕಲಿಯತೊಡಗಿದೆ. ಕಲಿತ ಮೊದಲ ಪಾಠ ಪಥ್ಯದ್ದು. ರುಚಿ ನೋಡುವ ಮೂರು ದಿನ ಮುಂಚಿನಿಂದ ನಾಲಿಗೆಗೆ ಖಾರ ಸೋಕಬಾರದು. ಘಮಘಮ ಎಣ್ಣೆ, ಪೌಡರು, ಮಲ್ಲಿಗೆ ಯಾವುದೂ ಮೈಮೇಲೆ ಇರಬಾರದು. ನಡುನಡುವೆ ಬಾಯಿ ಚೊಕ್ಕ ಮಾಡಲು ಸಪ್ಪನೆ ಬ್ರೆಡ್ಡು.

ಬೇರೆ ಊರಲ್ಲಿ ಇದು ಸಾಧ್ಯವಿರಬಹುದು. ಸವಣೂರಿನಲ್ಲಿ ಇದ್ದುಕೊಂಡು ಖಾರ ಬಿಡುವುದೆಂದರೆ ಊರ ಕಣ್ಣಿಗೆ ಬಿದ್ದ ಹಾಗೆಯೇ. ನಮ್ಮೂರ ಖಾರದ ಚೂಡಾ ಎಂಬ ಕುರುಕಲು ತಿನ್ನಲು ಜನ ಹೆದ್ದಾರಿ ಬಿಟ್ಟು ಒಳಗೆ ಬರುತ್ತಾರೆ. ದಿನಾ ಸಂಜೆ ಕಾಲೇಜಿನಿಂದ ಬರುವಾಗ ಒಂದು ಪೊಟ್ಟಣ ಹಿಡಿದು ಬರುತ್ತಿದ್ದವಳು ನಾನು. ಅಂಗಡಿಯವನು ಕರೆದರೂ ಬೇಡವೆಂದು ಮುಖ ತಿರುಗಿಸಿ ನಡೆದೆ. ಇದನ್ನು ಪಕ್ಕದ ಮನೆಯ ಚಾಚಿ ನೋಡಿದರು.

ಚಾಚಿಯವರದು ವೀಳ್ಯದೆಲೆ ವ್ಯಾಪಾರದ ಮನೆ. ಅವರ ಗೋಡೆಗೆ ನಮ್ಮ ಗೋಡೆ ಹತ್ತಿದೆ. ಇಲ್ಲಿ ಕೆಮ್ಮಿದರೆ ಅಲ್ಲಿಂದ ಮದ್ದು ಬರುತ್ತದೆ. ಮರುದಿನ ಅವರು ಕೊಟ್ಟ ಖೀರಿನ ಬಟ್ಟಲನ್ನು ಅಭ್ಯಾಸಬಲದಿಂದ ಮೂಗಿನ ಹತ್ತಿರ ಹಿಡಿದು ಮೂಸಿದೆ. ಮೂರನೆಯ ದಿನ ಮಲ್ಲಿಗೆ ದಂಡೆ ಕೊಟ್ಟರೆ ವಾಸನೆ ಆಗದು ಎಂದೆ. ಚಾಚಿ ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿದರು.

"ಎಷ್ಟ ತಿಂಗಳಾತು ಬೇಟಿ?" ಎಂದರು ಮೆಲ್ಲಗೆ.

ನನಗೆ ಆಗ ನಲವತ್ತಾರು. ನಾನು ಬಾಯಿ ತೆರೆಯುವ ಮೊದಲೇ ಉಪ್ಪು ಹಚ್ಚಿದ ಮಾವಿನಕಾಯಿ ಹೋಳು ನನ್ನ ಕೈಗೆ ಬಂದಾಗಿತ್ತು. ಅಲ್ಲಿಂದ ಅವರು ನೇರ ಅತ್ತೆಯ ಹತ್ತಿರ ಹೋದರು. ಅತ್ತೆ ಕೂತಲ್ಲಿಂದಲೇ, "ಅಂಥಾದ್ದೇನಿಲ್ಲ ಬಿಡ್ರಿ. ಅಕೀದು ಪರೀಕ್ಷಾ ಹತ್ರ ಬಂದದ, ಅದಕ್ಕ ಹಂಗ ಮಾಡ್ಲಿಕ್ಹತ್ತಾಳ," ಎಂದರು. ಕಾಲೇಜಿನ ಪರೀಕ್ಷೆ ಎಂದುಕೊಂಡು ನಾನೂ ಸುಮ್ಮನಾದೆ.

ಚಾಚಿ ನಂಬಲಿಲ್ಲ. ಸಂಜೆ ಬಾಗಿಲಲ್ಲಿ ಕಾದು ನಿಂತು ನಮ್ಮ ಮನೆಯವರ ಕೈ ಹಿಡಿದು "ಮುಬಾರಕ್" ಎಂದರು. ಇವರು ಎರಡು ವರ್ಷದಿಂದ ಪ್ರಮೋಶನ್ ದಾರಿ ಕಾಯುತ್ತಿದ್ದವರು. ಆಫೀಸಿನಿಂದ ಯಾರೋ ಸುದ್ದಿ ಹೇಳಿ ಹೋಗಿರಬೇಕೆಂದು ಮುಖ ಅರಳಿಸಿ, ಇಡೀ ಓಣಿಗೆ ಕೇಳುವಂತೆ ಹೇಳಿದರು: "ಥ್ಯಾಂಕ್ಸ್ ಚಾಚಿ! ಎರಡು ವರ್ಷದಿಂದ ಭಾಳ ಒದ್ದಾಡ್ಲಿಕ್ಹತ್ತಿದ್ದೆ. ನಮ್ಮ ಸಾಹೇಬರ ಕೃಪಾ, ಅಂತೂ ಆತು ನೋಡ್ರಿ!"

೩. ನೊರೆ ಬರುವ ಕಷಾಯ

ಒಂದು ಸಲ ಹುಬ್ಬಳ್ಳಿಯಲ್ಲಿ ಹೊತ್ತಾಯಿತೆಂದು ನಾಲ್ಕು ಮಾದರಿ ಬಾಟಲಿಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಮೇಲೆ ಉತ್ತರಪತ್ರಿಕೆಗಳ ಕಟ್ಟು, ಕೆಳಗೆ ಪೋರ್ಟರು. ಲೇಬಲ್ ಇಲ್ಲ. ಬೇಸಗೆ ಬೇರೆ.

ಪಕ್ಕದಲ್ಲಿ ಮಾಸೂರಿನ ಹಿರಿಯ ರೈತರೊಬ್ಬರು ಕೂತಿದ್ದರು. ಮೊಮ್ಮಗಳ ಮದುವೆಯ ಜವಳಿ ಹುಬ್ಬಳ್ಳಿಯಲ್ಲಿ ಮುಗಿಸಿ, ವೀಳ್ಯದೆಲೆ ಹೇಳಿ ಬರಲು ಸವಣೂರಿಗೆ ಹೊರಟವರು. ಶಿಗ್ಗಾವಿ ದಾಟುವಷ್ಟರಲ್ಲಿ ತಮ್ಮೂರ ಮಡಗದ ಕೆರೆಯ ನೀರಿನಿಂದ ಹಿಡಿದು ಮದುಮಗನ ಸಂಬಳದ ತನಕ ಎಲ್ಲ ಹೇಳಿದರು. ನಾನು ಕಾಲೇಜಿನಲ್ಲಿ ಕಲಿಸುವವಳೆಂದು ತಿಳಿದ ಮೇಲೆ ಮಾತು ಮಾತಿಗೆ "ಅಕ್ಕೋರ" ಎನ್ನತೊಡಗಿದರು.

ಬಂಕಾಪುರ ಬಿಟ್ಟ ಮೇಲೆ ಒಂದು ರಸ್ತೆ ಉಬ್ಬು ಬಂತು. ಡ್ರೈವರನಿಗೆ ಕಾಣಲಿಲ್ಲ, ಬಾಟಲಿಗಳಿಗೆ ಚೆನ್ನಾಗಿ ಕಂಡಿತು. ಚೀಲದೊಳಗಿಂದ ಬುಸ್ಸೆಂಬ ಸದ್ದು. ಉತ್ತರಪತ್ರಿಕೆಗಳ ನಡುವಿನಿಂದ ಕಂದು ನೊರೆ ಉಕ್ಕಿ, ಸೀಟಿನ ಕೆಳಗಿಳಿದು, ಬಸ್ಸಿನ ನಡುದಾರಿಯಲ್ಲಿ ಮೆಲ್ಲಗೆ ಕಂಡಕ್ಟರನ ಬೂಟಿನ ಕಡೆ ಹೊರಟಿತು. ಹುರಿದ ಬಾರ್ಲಿಯ ಘಮ ಬಸ್ಸಿನ ತುಂಬ ಹರಡಿತು.

"ಏನ್ರಿ ಇದು?" ಎಂದ ಕಂಡಕ್ಟರ್.

"ಕ... ಕಷಾಯ," ಎಂದೆ.

"ಕಷಾಯಕ್ಕ ನೊರಿ ಬರ್ತೈತೇನ್ರಿ?"

ಹಿಂದಿನ ಸೀಟಿನಲ್ಲಿ ನನ್ನದೇ ಕಾಲೇಜಿನ ಇಬ್ಬರು ಹುಡುಗಿಯರು ಕತ್ತು ಚಾಚಿದ್ದರು. ಆಗ ಮಾಸೂರಿನ ಹಿರಿಯರು ಎದ್ದು ನಿಂತರು. "ಏ ತಮ್ಮಾ, ಅಕ್ಕೋರು ಗಂಟಲಾ ಹರಕೊಂಡು ಪಾಠಾ ಹೇಳ್ತಾರ, ಔಷಧಾ ಒಯ್ಯಾಕತ್ತಾರ. ಯಾವ ಗಿಡಾ, ಯಾವ ಬೇರು ನಿನಗೇನ ಗೊತ್ತೈತಿ? ನಿನ್ನ ಟಿಕೀಟು ನೀ ಹರಿ, ಹೋಗು," ಎಂದು ಗದರಿದರು. ಅಷ್ಟಕ್ಕೇ ಬಿಡದೆ ತಮ್ಮ ಟವೆಲ್ಲು ಬಿಚ್ಚಿ ನೆಲ ಒರೆಸಿಯೂ ಒರೆಸಿದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ಮುಗ್ಧ ಜನಕ್ಕೆ ಸುಳ್ಳು ಹೇಳಿದೆನಲ್ಲ ಎಂದು ಮನಸ್ಸು ಹಿಡಿಯಷ್ಟಾಯಿತು.

ಸವಣೂರಿನಲ್ಲಿ ಇಳಿದ ಮೇಲೆ ಅವರು ಒದ್ದೆ ಟವೆಲ್ಲನ್ನು ಒಮ್ಮೆ ಮೂಗಿನ ಹತ್ತಿರ ಹಿಡಿದು, ಸುತ್ತ ಯಾರಿಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿದರು. "ಅಕ್ಕೋರ, ಮುಂದಿನ ಸರ್ತಿ ಬಾಟ್ಲಿ ಕಂಠಮಟಾ ತುಂಬಬ್ಯಾಡ್ರಿ, ಬಾಯಿ ಹಂತ್ಯಾಕ ನಾಕ ಬಟ್ಟ ಜಾಗಾ ಬಿಡ್ರಿ, ಮ್ಯಾಲ ಹಸೀ ಅರಿಬಿ ಸುತ್ತರಿ. ನಮ್ಮನ್ಯಾಗೂ ಮೊದ್ಲ ಮೊದ್ಲ ಕಷಾಯ ಹಿಂಗ ಉಕ್ಕತಿತ್ತು."

೪. ಸ್ಕ್ವಾಡು

ನಮ್ಮ ಪ್ರಿನ್ಸಿಪಾಲರು ಹಿರೇಕೆರೂರಿನ ಕಡೆಯವರು. ವರ್ಷಕ್ಕೊಮ್ಮೆ ವ್ಯಸನಮುಕ್ತಿಯ ಬಗ್ಗೆ ಅವರು ಮಾಡುವ ಭಾಷಣ ಕೇಳಿ ಬೀಡಿ ಬಿಟ್ಟ ಜವಾನರೂ ಇದ್ದಾರೆ.

ಒಂದು ಭಾನುವಾರ ಮಧ್ಯಾಹ್ನ ನಾನು ಹುಬ್ಬಳ್ಳಿಯ ಹೋಟೆಲಿನ ಮೂಲೆ ಟೇಬಲಿನಲ್ಲಿ ಐದು ಗ್ಲಾಸು ಸಾಲಾಗಿಟ್ಟುಕೊಂಡು, ಕೆಂಪು ಪೆನ್ನು ಹಿಡಿದು ಕೂತಿದ್ದೆ. ಒಳ್ಳೆಯ ಪೋರ್ಟರನ್ನು ಬೆಳಕಿಗೆ ಹಿಡಿದರೆ ಕಂದಿನೊಳಗೆ ಕೆಂಪು ಹೊಳೆಯಬೇಕು. ಹಿಡಿದು ನೋಡಿದೆ. ಹೊಳೆಯಿತು. ಆದರೆ ಗ್ಲಾಸಿನ ಆಚೆಗೆ ಅದಕ್ಕಿಂತ ಕೆಂಪಾಗಿ ಪ್ರಿನ್ಸಿಪಾಲರ ಮುಖ ಕಂಡಿತು.

"ಮೇಡಮ್, ನೀವು... ಇಲ್ಲೆ?"

"ಮೌಲ್ಯಮಾಪನ ಇತ್ರಿ ಸರ್," ಎಂದು ಅಂಕಪಟ್ಟಿ ಮುಂದಿಟ್ಟೆ. ಅವರು ಒಂದೊಂದೇ ಸಾಲು ಓದಿದರು. ಅವರ ಬಲಗೈ ಬೆನ್ನ ಹಿಂದೆ ಇತ್ತು. ಮೀಸೆಯ ಮೇಲೆ ನೊರೆ ಇತ್ತು.

"ನೀವು ಸರ್?"

ಅವರು ಪರೀಕ್ಷೆಯಲ್ಲಿ ನಕಲು ಹಿಡಿಯಲು ಬಂದವರ ದನಿ ತೆಗೆದರು. "ನಾನು... ಸ್ಕ್ವಾಡ್ ಮ್ಯಾಲೆ ಬಂದೇನ್ರಿ."

ಸೋಮವಾರ ಚೇಂಬರಿಗೆ ಕರೆ ಬಂತು. ಕೆಲಸ ಹೋಯಿತೆಂದುಕೊಂಡೇ ಒಳಗೆ ಹೋದೆ. ಅವರು ಬಾಗಿಲು ಮುಂದೆ ಮಾಡಿ, ಫೈಲಿನಿಂದ ತಲೆ ಎತ್ತದೆ ಕೇಳಿದರು: "ಮೇಡಮ್, ನಿಮ್ಮ ಆ ಮೌಲ್ಯಮಾಪನಕ್ಕ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬೇಕಾಗತಾರೇನ್ರಿ? ಭತ್ಯೆ ಏನೂ ಬ್ಯಾಡ್ರಿ."

೫. ತಾನಾಗಿ ಬಂದ ವಾಸನೆ

ಹೋದ ವರ್ಷ ಗೆಳೆಯನಿಗೆ ಕಷ್ಟದ ಕಾಲ ಬಂತು. ಪೋರ್ಟರನ್ನು ಕೇಳುವವರು ಕಡಿಮೆ, ನಿಲ್ಲಿಸಿ ಮಾಮೂಲಿ ಬಿಯರ್ ಮಾಡು ಎಂದು ಹೋಟೆಲಿನ ಮಾಲಕರು ಹಟ ಹಿಡಿದರು. ಬೆಂಗಳೂರಿನ ಒಂದು ಸ್ಪರ್ಧೆಗೆ ಒಮ್ಮೆ ಕಳಿಸಿ ನೋಡುತ್ತೇನೆ, ಬಹುಮಾನ ಬಂದರೆ ಉಳಿಸಿ ಎಂದು ಇವನು ಕೈಮುಗಿದ. ಟ್ಯಾಂಕಿನಲ್ಲಿ ಪೋರ್ಟರ್ ಇನ್ನೂ ಇತ್ತು. ಮರುದಿನ ಬಾಟಲಿಗೆ ತುಂಬಬೇಕು. ಅದರ ಮಾದರಿಯೊಂದನ್ನು ಸವಣೂರಿಗೆ ಕಳಿಸಿ, "ಏನರೆ ದೋಷ ಇದ್ರ ಇವತ್ತ ಹೇಳು. ನಾಳಿಂದ ನನ್ನ ಕೈಯಾಗ ಏನೂ ಉಳಿಯೂದಿಲ್ಲ," ಎಂದ.

ಇಂಥ ದಿನಕ್ಕೆ ಮೂರು ದಿನ ಪಥ್ಯ ಮಾಡಬೇಕಾದವಳು ನಾನು ಹಿಂದಿನ ಸಂಜೆಯೇ ಜಾರಿಬಿದ್ದಿದ್ದೆ. ಬಿಸಿ ಬಿಸಿ ಖಾರದ ಚೂಡಾ, ಅಂಗಡಿಯವನು ಕರೆದು ರುಚಿ ನೋಡಿ ಎಂದ, ನೋಡಿದೆ. ಒಂದು ಹಿಡಿ ಅಲ್ಲ, ಒಂದು ಪೊಟ್ಟಣ.

ಅತ್ತೆ ಬೆಳಗ್ಗೆ ಪಾರಾಯಣಕ್ಕೆಂದು ಹೋಗಿದ್ದರು. ಬರುವುದು ಹನ್ನೆರಡಕ್ಕೆ. ಬೆಳಕು ಚೆನ್ನಾಗಿರುತ್ತದೆಂದು ಪಡಸಾಲೆಯಲ್ಲೇ ಕೂತು ಗ್ಲಾಸಿಗೆ ಸುರಿದೆ. ನೋಟ ಸರಿಯಿತ್ತು. ರುಚಿಯೂ ಸರಿ ಎನಿಸಿತು, ಎಲ್ಲೋ ಏನೋ ಒಂದು ಅಡ್ಡ ಬರುತ್ತಿತ್ತು, ಆದರೆ ಸುಟ್ಟ ನಾಲಿಗೆಗೂ ಖಾರ ಅಡರಿದ ಮೂಗಿಗೂ ಅದು ಸಿಗಲಿಲ್ಲ. ಐವತ್ತಕ್ಕೆ ಮೂವತ್ತೆಂಟು ಎಂದು ಬರೆದೆ. ಗೆಳೆಯನಿಗೆ ಫೋನು ಮಾಡಲು ಕೈ ಚಾಚುವಷ್ಟರಲ್ಲಿ ಬಾಗಿಲು ಸರಿಯಿತು. ಅತ್ತೆ! ಪಾರಾಯಣ ಹೇಳುವವರಿಗೆ ಜ್ವರವಂತೆ.

ನಾನು ಎದ್ದು ನಿಂತೆ. ಗ್ಲಾಸು ಕೈಯಲ್ಲೇ ಇತ್ತು.

ಇಲ್ಲಿ ನಮ್ಮ ಅಡುಗೆಮನೆಯ ಪದ್ಧತಿಯೊಂದನ್ನು ಹೇಳಬೇಕು. ದೇವರ ನೈವೇದ್ಯವಾಗುವ ತನಕ ಅಡುಗೆ ಮಾಡುವವರು ಅದರ ರುಚಿ ನೋಡುವಂತಿಲ್ಲ. ಪಾತ್ರೆಗೆ ಮೂಗು ಹಿಡಿದು ಮೂಸುವಂತೆಯೂ ಇಲ್ಲ. ಅತ್ತೆ ಐವತ್ತೈದು ವರ್ಷ ಹೀಗೇ ಅಡುಗೆ ಮಾಡಿದ್ದಾರೆ. ಹಬೆಯ ಜೊತೆ ತಾನಾಗಿ ಬಂದ ವಾಸನೆಯಲ್ಲೇ ಸಾರಿಗೆ ಉಪ್ಪು ಸಾಲದು, ಬೇಳೆ ಇನ್ನೊಂದು ಕುದಿ ಬೇಕು, ಮೆಂತ್ಯ ಒಂದು ಚೂರು ಹೆಚ್ಚು ಹುರಿಯಿತು ಎಂದು ಹೇಳುತ್ತಾರೆ. ಒಂದು ದಿನವೂ ತಪ್ಪಿದ್ದಿಲ್ಲ.

ಅವರು ನನ್ನಿಂದ ಮೂರು ಮಾರು ದೂರದಲ್ಲೇ ನಿಂತರು. ಅಲ್ಲಿಂದಲೇ ಹೇಳಿದರು:

"ಕಾಳು ಛಲೋ ಹುರದಾರ. ಹೊತ್ತಿಲ್ಲ. ಬೆಲ್ಲದ ಪಾಕ ಬಂದಂಗ ಬಂದದ. ಆದ್ರ ಬೆನ್ನಹಿಂದನ ಬೆಣ್ಣಿ ವಾಸನಿ ಬರ್ಲಿಕ್ಹತ್ತದ ನೋಡು. ಹುದುಗು ಪೂರಾ ಆಗಿಲ್ಲ ಅದು, ಅವಸರ ಮಾಡ್ಯಾರ. ಇನ್ನೆರಡು ದಿನ ಬೆಚ್ಚಗ ಇಟ್ಟರ ತಾನ ಹೋಗ್ತದ."

ಬೆಣ್ಣೆ ವಾಸನೆ! ಪೋರ್ಟರಿನ ದೊಡ್ಡ ದೋಷಗಳಲ್ಲಿ ಅದೊಂದು. ಹುದುಗು ಮುಗಿಯುವ ಮೊದಲೇ ತಣ್ಣಗೆ ಮಾಡಿದರೆ ಅದು ಉಳಿಯುತ್ತದೆ, ಎರಡು ದಿನ ಬೆಚ್ಚಗಿಟ್ಟರೆ ಹೋಗುತ್ತದೆ. ನಾನು ಎರಡು ವರ್ಷ ಪುಸ್ತಕ ಓದಿ ಕಲಿತದ್ದು ಇದನ್ನೇ.

"ಅತ್ಯಾ, ಇದು... ಕಷಾಯ..."

"ನಾಲ್ಕು ವರ್ಷದಿಂದ ಕೇಳ್ಲಿಕ್ಹತ್ತೇನಿ ನಿನ್ನ ಕಷಾಯ. ಕಷಾಯ ಕುಡಿಯೋರು ಮುಖಾ ಕಿವಿಚತಾರ. ನೀ ಬೆಳಕಿಗೆ ಹಿಡದು ನೋಡ್ತಿ. ಒಂದು ಗುಟುಕು ಕುಡದು ಎರಡು ಪುಟಾ ಬರೀತಿ. ಮೇಜಿನ ಮ್ಯಾಲೆ ಬಿಟ್ಟು ಹೋಗ್ತಿ, ನಾನು ಓದಿ ಎತ್ತಿಡ್ತೇನಿ. ಕುಡಕರು ಎಲ್ಲೆರೆ ಟಿಪ್ಪಣಿ ಬರೀತಾರೇನು? ಓದ್ಲಿಕ್ಕೆ ಕಳಿಸಿದ್ದೆ, ಓದ್ಲಿಕ್ಹತ್ತಾಳ ಅಂತ ಸುಮ್ಮನಿದ್ದೆ."

ನಾಲ್ಕು ವರ್ಷದ ಅಳುಕು ಒಮ್ಮೆಲೇ ಕರಗಿತು. ಅಳು ಬಂತು, ನಗುವೂ ಬಂತು. ಆದರೂ ನಾಲಿಗೆ ಸುಮ್ಮನಿರಲಿಲ್ಲ. "ಅತ್ಯಾ, ನೀವು ಬಿಯರ್ ಮೂಸಿದ್ರಿ!" ಎಂದೆ.

"ನಾ ಎಲ್ಲಿ ಮೂಸೇನಿ? ಅದ ಬಂತು. ಬಂದದ್ದಕ್ಕ ಬರಬ್ಯಾಡ ಅನ್ಲಿಕ್ಕೆ ಬರ್ತದೇನು?" ಎಂದವರು ಮೇಜಿನ ಮೇಲಿನ ಅಂಕಪಟ್ಟಿಯ ಕಡೆ ನೋಡಿದರು. "ಮೂವತ್ತೆಂಟು ಕೊಟ್ಟೀ ಏನು? ನಿನ್ನೆ ಸಂಜಿಮುಂದ ಖಾರಾ ತಿಂದೀ, ಪೊಟ್ಟಣದ ಸಪ್ಪಳ ಕೇಳಿಸಿತ್ತು ನನಗ. ನಾ ಕುಡೀಲಿಲ್ಲ, ಗೊತ್ತಾತು. ನೀ ಕುಡದೀ, ಗೊತ್ತಾಗಲಿಲ್ಲ. ನಿಂದು ಪುಣ್ಯಾನೂ ಹೋತು, ಪರೀಕ್ಷಾನೂ ಹೋತು."

ಗೆಳೆಯನಿಗೆ ಫೋನು ಮಾಡಿ, ಬಾಟಲಿ ತುಂಬುವುದು ತಡವಾದರೂ ಆಗಲಿ, ಎರಡು ದಿನ ಬೆಚ್ಚಗಿಡು ಎಂದೆ. ಇಟ್ಟ. ಬೆಣ್ಣೆ ಹೋಯಿತು. ಪೋರ್ಟರಿಗೆ ಎರಡನೆಯ ಬಹುಮಾನ ಬಂತು, ಮಾಲಕರ ಹಟ ಇಳಿಯಿತು. ಗೆಳೆಯ ಹಣ್ಣಿನ ಬುಟ್ಟಿ ಹಿಡಿದು ಸವಣೂರಿಗೆ ಬಂದು, ಮಡಿಯಲ್ಲಿದ್ದ ಅತ್ತೆಗೆ ದೂರದಿಂದಲೇ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದ.

"ಅಮ್ಮಾರ, ಇನ್ನ ಮ್ಯಾಲೆ ಪ್ರತಿ ಟ್ಯಾಂಕಿನ ಮೊದಲ ಬಾಟ್ಲಿ ನಿಮ್ಮ ಮನೀಗ ಬರ್ತೈತ್ರಿ. ನೀವು ಅತ್ತಾಗ ದೂರ ನಿಂತು ಒಂದ ಮಾತು ಹೇಳಿದ್ರ ಸಾಕ್ರಿ."

ಅತ್ತೆ ಜಪದ ಮಣಿ ಎಣಿಸುತ್ತಲೇ ಯೋಚಿಸಿದರು. ಬೇಡವೆನ್ನುತ್ತಾರೆಂದೇ ನಾನು ಅಂದುಕೊಂಡೆ.

"ಕಳಸು. ಆದ್ರ ಏಕಾದಶಿ ದಿವಸ ಮಾತ್ರ ಕಳಸಬ್ಯಾಡಪಾ," ಎಂದರು.

"ಹೌದ್ರಿ ಅಮ್ಮಾರ, ಉಪವಾಸದ ದಿನಾ ಅಪಚಾರ ಆಗತೈತ್ರಿ," ಎಂದು ಅವನು ಕೆನ್ನೆ ಬಡಿದುಕೊಂಡ.

"ಅಪಚಾರದ್ದಲ್ಲೋ. ಅವತ್ತು ಹೊಟ್ಟಿ ಹಸದಿರ್ತದ, ಎಲ್ಲಾ ವಾಸನೀನೂ ಛಲೋನ ಬರ್ತಾವ. ಸುಮ್ಮಸುಮ್ಮನ ಮಾರ್ಕು ಜಾಸ್ತಿ ಬೀಳ್ತಾವ."